ಸೇವಾ ಗುಂಪಿಗೆ ಸಾಫ್ಟ್‌ವೇರ್ ಮಾಡಿಕೊಡಲು ಹೊರಟವರಿಗೆ

ಸಹಾಯವಾಣಿ, ರಕ್ತದಾನಿಗಳ ಗುಂಪು, ಒಂಟಿ ಹಿರಿಯರ ಮನೆಗೆ ಹೋಗಿ ಮಾತಾಡಿಸಿ ಬರುವ ತಂಡ. ಇಂಥವರಿಗೆ ಒಂದು ಆ್ಯಪ್ ಮಾಡಿಕೊಡಬೇಕು ಅನ್ನುವ ಆಸೆ ಹೊತ್ತು ಬರುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು, ಯಾವ ಫ್ರೇಮ್‌ವರ್ಕ್ ಬಳಸಬೇಕು ಅಂತ. ಯಾವುದಾದರೂ ಆಗುತ್ತದೆ. ನಿಮಗೆ ಚೆನ್ನಾಗಿ ಬರುವುದನ್ನೇ ಬಳಸಿ. ಆ ಪ್ರಶ್ನೆಗೆ ಇದಕ್ಕಿಂತ ಜಾಸ್ತಿ ಹೊತ್ತು ಕೊಡಬೇಡಿ.

ನಾನು ಮನಃಶಾಸ್ತ್ರ ಓದಿ, ಆಮೇಲೆ ಕೋಡಿಂಗ್ ಕಲಿತು, ಈಗ ಒಂದು ಚಿಕ್ಕ ಸಾಫ್ಟ್‌ವೇರ್ ಕಂಪನಿ ನಡೆಸುವವಳು. ನಮ್ಮ ಕೆಲಸದಲ್ಲಿ ದೊಡ್ಡ ಪಾಲು ಇಂಥ ಗುಂಪುಗಳದ್ದೇ. ಡ್ಯೂಟಿ ಪಟ್ಟಿ, ಕರೆಗಳ ರಿಜಿಸ್ಟರ್, ಯಾರನ್ನು ಎಲ್ಲಿಗೆ ಕಳಿಸಬೇಕು ಅನ್ನುವ ಲೆಕ್ಕ. ಇದರಲ್ಲಿ ಮನಃಶಾಸ್ತ್ರ ಎಲ್ಲಿ ಬಂತು ಅಂದರೆ ಎಲ್ಲರೂ ನೆರವು ಕೇಳಿ ಬರುವವರ ಕಡೆ ಬೆರಳು ತೋರಿಸುತ್ತಾರೆ. ನಾನು ತೋರಿಸುವುದು ನೆರವು ಕೊಡುವವರ ಕಡೆ. ಸಂಕಟದಲ್ಲಿರುವವರ ಮಾತು ಕೇಳಿಸಿಕೊಳ್ಳಲು ಮನುಷ್ಯರು ಇದ್ದಾರೆ. ಅವರು ದಣಿಯದ ಹಾಗೆ, ಗೊಂದಲಕ್ಕೆ ಬೀಳದ ಹಾಗೆ, ಬೇಸತ್ತು ಬಿಟ್ಟು ಹೋಗದ ಹಾಗೆ ನೋಡಿಕೊಳ್ಳಲು ಸಾಫ್ಟ್‌ವೇರ್ ಬೇಕು.

ಮೊದಲು ಒಂದು ಪಾಳಿ ಕೂರಿ

ಕೋಡ್ ಬರೆಯುವ ಮುಂಚೆ ಆ ಗುಂಪಿಗೆ ನೀವೂ ಸ್ವಯಂಸೇವಕರಾಗಿ ಸೇರಿಕೊಳ್ಳಿ. ಅವರ ತರಬೇತಿ ಇದ್ದರೆ ಪೂರ್ತಿ ಮುಗಿಸಿ. "ನಾನು ಟೆಕ್ನಿಕಲ್ ಕಡೆಯವನು, ನನಗೆ ಇದೆಲ್ಲ ಬೇಡ" ಅನ್ನುವವರು ಮಾಡಿದ ಆ್ಯಪ್ ನೋಡಿದ ತಕ್ಷಣ ಗೊತ್ತಾಗುತ್ತದೆ. ಫೋನಿನಲ್ಲಿ ಯಾರೋ ಅಳುತ್ತಿರುವಾಗ ತುಂಬಲೇಬೇಕಾದ ಹನ್ನೆರಡು ಕಾಲಂ ಇರುತ್ತವೆ, ಅದರಲ್ಲಿ ಮೊದಲನೆಯದು ಇಮೇಲ್ ವಿಳಾಸ.

ಆತ್ಮಹತ್ಯೆಯ ಯೋಚನೆಯಲ್ಲಿರುವವರ ಮಾತು ಕೇಳಿಸಿಕೊಳ್ಳುವ ಬ್ರಿಟನ್ನಿನ ಸಮಾರಿಟನ್ಸ್ ಸಂಸ್ಥೆಯ ಕಥೆ ಇಲ್ಲಿ ನೆನಪಿಟ್ಟುಕೊಳ್ಳಬೇಕಾದದ್ದು. 1953ರಲ್ಲಿ ಲಂಡನ್ನಿನ ಪಾದ್ರಿ ಚ್ಯಾಡ್ ವಾರಾ ಅದನ್ನು ಶುರು ಮಾಡಿದಾಗ ಬಂದವರಿಗೆ ಸಮಾಧಾನ ಹೇಳುತ್ತಿದ್ದುದು ಅವರೇ. ಹೊರಗೆ ಸರದಿ ಕಾಯುವವರಿಗೆ ಚಹಾ ಕೊಟ್ಟು, ಸುಮ್ನೆ ಮಾತಾಡಿಸುತ್ತಾ ಕೂರಲು ಒಂದಷ್ಟು ಸ್ವಯಂಸೇವಕರಿದ್ದರು. ಎಷ್ಟೋ ಜನ ಅವರ ಹತ್ತಿರವೇ ಹೇಳಿಕೊಂಡು ಹಗುರಾಗಿ, ಪಾದ್ರಿಯನ್ನು ನೋಡದೆ ಎದ್ದು ಹೋಗುತ್ತಿದ್ದರು. ಮರುವರ್ಷ ವಾರಾ ಆ ಕೆಲಸವನ್ನು ಸ್ವಯಂಸೇವಕರ ಕೈಗೇ ಬಿಟ್ಟರು. ನಿಮ್ಮ ಸಾಫ್ಟ್‌ವೇರ್ ಎಷ್ಟೇ ಚೆಂದ ಇದ್ದರೂ ಆ ಹೊರಗಿನ ಕೋಣೆಯಲ್ಲಿ ಕೂತವರ ಜಾಗ ತೆಗೆದುಕೊಳ್ಳಬಾರದು.

ಪಾಳಿ ಮುಗಿದ ಮೇಲೆ ಸಂಯೋಜಕರ ಪುಸ್ತಕ ಕೇಳಿ ನೋಡಿ. ಎಲ್ಲ ಗುಂಪಿನಲ್ಲೂ ಒಂದು ಇರುತ್ತದೆ. ನಾನು ನೋಡಿದ ಒಂದನ್ನು ಹೇಳುತ್ತೇನೆ. ಉದ್ದನೆಯ ರೂಲ್ ನೋಟ್‌ಬುಕ್. ಎಡಗಡೆ ಹೆಸರುಗಳು, ಮೇಲೆ ವಾರದ ದಿನಗಳು. ಕೆಲವು ಹೆಸರು ಪೆನ್ನಿನಲ್ಲಿ, ಕೆಲವು ಪೆನ್ಸಿಲ್ಲಿನಲ್ಲಿ. ಪೆನ್ಸಿಲ್ ಅಂದರೆ ಬರುತ್ತೇನೆ ಅಂದಿದ್ದಾರೆ, ಆದರೆ ನಂಬಿ ಕೂರುವ ಹಾಗಿಲ್ಲ. ಒಂದು ಹೆಸರಿನ ಪಕ್ಕ ಚಿಕ್ಕ ಚುಕ್ಕೆ. ಆಕೆಯ ತಂದೆ ಈಚೆಗೆ ತೀರಿಕೊಂಡಿದ್ದಾರೆ, ಸದ್ಯಕ್ಕೆ ಸಾವಿನ ದುಃಖದ ಕರೆಗಳನ್ನು ಅವರಿಗೆ ಕೊಡಬಾರದು. ಇನ್ನೆರಡು ಹೆಸರುಗಳ ನಡುವೆ ಅಡ್ಡಗೆರೆ. ಆ ಇಬ್ಬರನ್ನೂ ಒಂದೇ ಪಾಳಿಗೆ ಹಾಕಬೇಡಿ. ಕಾರಣ ಬರೆದಿರಲಿಲ್ಲ, ಕೇಳಿದರೆ ಸಂಯೋಜಕಿ ನಕ್ಕರು ಅಷ್ಟೆ.

ಹೆಸರು, ದಿನ, ಸಮಯ ಅಂತ ಮೂರು ಕಾಲಂ ಹಾಕಿ ಟೇಬಲ್ ಮಾಡಿದರೆ ಈ ಪುಸ್ತಕದಲ್ಲಿ ಕೆಲಸಕ್ಕೆ ಬರುವುದೆಲ್ಲ ಹೊರಗೆ ಉಳಿಯುತ್ತದೆ. ಹಾಗಾಗಿ ಒಪ್ಪಿಗೆಯಲ್ಲಿ ಎರಡು ದರ್ಜೆ ಇಡಿ, ಪೆನ್ನು ಮತ್ತು ಪೆನ್ಸಿಲ್. ನಾವು ಪರದೆಯ ಮೇಲೂ ಅದೇ ಹೆಸರಿಟ್ಟಿದ್ದೇವೆ, ಯಾರಿಗೂ ವಿವರಿಸಬೇಕಾಗಿ ಬಂದಿಲ್ಲ. "ಇವರಿಬ್ಬರು ಒಟ್ಟಿಗೆ ಬೇಡ" ಅನ್ನುವುದಕ್ಕೆ ಒಂದು ಟಿಕ್ ಸಾಕು, ಕಾರಣದ ಕಾಲಂ ಬೇಡವೇ ಬೇಡ. ಚುಕ್ಕೆಗೆ ಸಂಯೋಜಕರೊಬ್ಬರಿಗೇ ಕಾಣುವ ಒಂದು ಟಿಪ್ಪಣಿ ಜಾಗ ಕೊಡಿ, ಅದರ ಜೊತೆ ಅಳಿಸುವ ದಿನಾಂಕ ಕಡ್ಡಾಯ ಮಾಡಿ. ದುಃಖ ಮಾಗುತ್ತದೆ, ಆದರೆ ಡೇಟಾಬೇಸಿನಲ್ಲಿ ಬರೆದದ್ದು ತಾನಾಗಿ ಮಾಗುವುದಿಲ್ಲ.

ಗುಂಪಿಗೆ ಹಾಕಬೇಡಿ, ಹೆಸರು ಹಿಡಿದು ಕೇಳಿ

"ತುರ್ತಾಗಿ ರಕ್ತ ಬೇಕಿದೆ" ಅಂತ ಇನ್ನೂರು ಜನರ ಗುಂಪಿಗೆ ಒಂದೇ ಸಲ ಸಂದೇಶ ಹೋಗುತ್ತದೆ. ಎಲ್ಲರೂ ನೋಡುತ್ತಾರೆ. ಇನ್ಯಾರೋ ಹೋಗಿರುತ್ತಾರೆ ಅಂದುಕೊಳ್ಳುತ್ತಾರೆ. ಕೊನೆಗೆ ಸಂಯೋಜಕರು ಒಬ್ಬೊಬ್ಬರಿಗೇ ಫೋನ್ ಹಚ್ಚುತ್ತಾ ಕೂರಬೇಕಾಗುತ್ತದೆ.

ಜನ ಕಲ್ಲುಮನಸ್ಸಿನವರಾಗಿ ಹೀಗಾಗುವುದಲ್ಲ. 1968ರಲ್ಲಿ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಪ್ರಕಟಿಸಿದ ಪ್ರಯೋಗ ನೋಡಿ. ವಿದ್ಯಾರ್ಥಿಗಳು ಬೇರೆ ಬೇರೆ ಕೋಣೆಯಲ್ಲಿ ಕೂತು ಇಂಟರ್‌ಕಾಮ್‌ನಲ್ಲಿ ಮಾತಾಡುತ್ತಿದ್ದರು. ಒಂದು ದನಿ ಇದ್ದಕ್ಕಿದ್ದಂತೆ ಮೂರ್ಛೆ ಬಂದವರ ಹಾಗೆ ತೊದಲತೊಡಗಿತು. ಇದನ್ನು ಕೇಳುತ್ತಿರುವವನು ತಾನೊಬ್ಬನೇ ಅಂದುಕೊಂಡವರಲ್ಲಿ ಶೇ. 85ರಷ್ಟು ಮಂದಿ ಆ ದನಿ ನಿಲ್ಲುವ ಮುಂಚೆಯೇ ಎದ್ದು ಹೋಗಿ ತಿಳಿಸಿದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಅಂದುಕೊಂಡವರಲ್ಲಿ ಅಷ್ಟರೊಳಗೆ ಎದ್ದವರು ಶೇ. 31 ಮಾತ್ರ. ಸುಮ್ಮನೆ ಕೂತವರೂ ಒಳಗೊಳಗೇ ಒದ್ದಾಡುತ್ತಿದ್ದರು. ಹೊಣೆ ಐದು ಪಾಲಾಗಿತ್ತು, ಅಷ್ಟೆ.

ಇದನ್ನು ಕೋಡಿಗೆ ಇಳಿಸುವುದು ಸುಲಭ. ಹೊಂದುವ ರಕ್ತದ ಗುಂಪು, ಹತ್ತಿರದ ಜಾಗ, ಹಿಂದಿನ ಸಲ ಕೊಟ್ಟು ಸಾಕಷ್ಟು ದಿನ ಆಗಿದೆಯಾ, ಇಷ್ಟನ್ನು ನೋಡಿ ವ್ಯವಸ್ಥೆ ಮೂವರನ್ನು ಆರಿಸಲಿ. ಮೂವರಿಗೂ ಹೆಸರು ಹಿಡಿದು ಸಂದೇಶ ಹೋಗಲಿ. ಹದಿನೈದು ನಿಮಿಷ ಕಾದು, ಉತ್ತರ ಬರದಿದ್ದರೆ ಮುಂದಿನ ಮೂವರು. ಒಬ್ಬರು ಒಪ್ಪಿದ ಕೂಡಲೇ ಉಳಿದವರಿಗೆ "ಜನ ಸಿಕ್ಕಿದರು, ನೀವು ಹೊರಡಬೇಕಿಲ್ಲ" ಅಂತ ತಿಳಿಸಲೇಬೇಕು. ಇದೊಂದನ್ನು ಮರೆತರೆ, ಅರ್ಧ ದಾರಿ ಬಂದು ವಾಪಸಾದವರು ಮುಂದಿನ ಸಲ ಫೋನನ್ನೇ ನೋಡುವುದಿಲ್ಲ.

ಆರಿಸುವ ಲೆಕ್ಕದಲ್ಲಿ ಒಂದು ಬಲೆ ಇದೆ. ಯಾರು ಹೆಚ್ಚು ಸಲ ಹೌದು ಅಂದಿದ್ದಾರೋ ಅವರನ್ನೇ ಮೇಲೆ ತರೋಣ ಅಂತ ಯಾರಿಗಾದರೂ ಅನಿಸುತ್ತದೆ. ಹಾಗೆ ಮಾಡಿದರೆ ಇಲ್ಲ ಅನ್ನಲು ಬಾರದ ನಾಲ್ಕು ಜನರ ಮೇಲೆ ಇಡೀ ಭಾರ ಬೀಳುತ್ತದೆ, ಒಂದು ದಿನ ಅವರು ಸದ್ದಿಲ್ಲದೆ ಮಾಯವಾಗುತ್ತಾರೆ. ಯಾರನ್ನು ಕೇಳಿ ಬಹಳ ದಿನ ಆಗಿದೆಯೋ ಅವರು ಮೊದಲು ಬರಲಿ.

ಇನ್ನು ಸಂದೇಶದ ಉದ್ದ. ಎಲ್ಲರ ಹತ್ತಿರವೂ ಇಂಟರ್ನೆಟ್ ಎಲ್ಲ ಹೊತ್ತಿನಲ್ಲೂ ಇರುವುದಿಲ್ಲ, ಹಾಗಾಗಿ ಎಸ್‌ಎಂಎಸ್ ಬಿಡುವ ಹಾಗಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಸಿಗುತ್ತವೆ. ಕನ್ನಡದಲ್ಲಿ ಕಳಿಸಿದರೆ 70 ಮಾತ್ರ. ಅದಕ್ಕಿಂತ ಉದ್ದವಾದರೆ ತುಂಡಾಗುತ್ತದೆ, ಜೋಡಿಸುವ ಮಾಹಿತಿಗೂ ಜಾಗ ಬೇಕಾದ್ದರಿಂದ ತುಂಡಿಗೆ 67. ಲೆಕ್ಕ ಹಾಕುವಾಗ ಕಣ್ಣನ್ನು ನಂಬಬೇಡಿ. "ಕ್ಕೆ" ನಮಗೆ ಒಂದೇ ಅಕ್ಷರ, ಫೋನಿಗೆ ನಾಲ್ಕು. ನಾವು ಬಳಸುವ ನಮೂನೆ ಹೀಗಿದೆ:

ಸುಮಾ ಅವರೇ, ಇಂದು ಸಂಜೆ 6ಕ್ಕೆ ರಕ್ತ ಬೇಕು. ಬರಬಹುದಾ? 1 ಹೌದು 2 ಇಲ್ಲ

ಖಾಲಿ ಜಾಗವೂ ಸೇರಿ ಇದು 60. ಹೆಸರು ಸ್ವಲ್ಪ ಉದ್ದ ಇದ್ದರೂ ನಡೆಯುತ್ತದೆ. ಆಸ್ಪತ್ರೆ, ವಾರ್ಡು ಎಲ್ಲ ಒಪ್ಪಿದವರಿಗೆ ಮಾತ್ರ ಎರಡನೇ ಸಂದೇಶದಲ್ಲಿ. ರೋಗಿ ಎಲ್ಲಿ ಮಲಗಿದ್ದಾರೆ ಅನ್ನುವುದು ಬರಲಾಗದವರಿಗೆ ಗೊತ್ತಾಗಬೇಕಿಲ್ಲ, ಅಲ್ವಾ. "2 ಇಲ್ಲ" ಅನ್ನುವುದನ್ನೂ ತೆಗೆಯಬೇಡಿ. ಇಲ್ಲ ಅನ್ನುವುದು ಸುಲಭವಾದಷ್ಟೂ ಬೇಗ ಉತ್ತರ ಬರುತ್ತದೆ, ಮುಂದಿನವರನ್ನು ಬೇಗ ಕೇಳಬಹುದು.

ಸೇರುವ ಫಾರಂ

"ವಾರಕ್ಕೆ ಎಷ್ಟು ಗಂಟೆ ಕೊಡಬಲ್ಲಿರಿ?" ಈ ಪ್ರಶ್ನೆಯನ್ನು ಕಿತ್ತು ಹಾಕಿ. ಸೇರುವ ದಿನದ ಉತ್ಸಾಹದಲ್ಲಿ ಬರುವ ಸಂಖ್ಯೆಗೆ ಅರ್ಥವಿಲ್ಲ. ಪೀಟರ್ ಗಾಲ್ವಿಟ್ಸರ್ ಅನ್ನುವ ಮನಃಶಾಸ್ತ್ರಜ್ಞರು 1999ರ ಲೇಖನದಲ್ಲಿ ಹೇಳಿದ ಮಾತು ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. "ಮಾಡುತ್ತೇನೆ" ಅಂದುಕೊಳ್ಳುವುದಕ್ಕಿಂತ "ಇಂಥ ಹೊತ್ತು ಬಂದಾಗ, ಇಂಥ ಕಡೆ, ಹೀಗೆ ಮಾಡುತ್ತೇನೆ" ಅಂತ ಮೊದಲೇ ಗೊತ್ತು ಮಾಡಿಕೊಂಡವರು ಅದನ್ನು ನಡೆಸುವುದು ಜಾಸ್ತಿ. ಆದ್ದರಿಂದ ಫಾರಂನಲ್ಲಿ ಅರ್ಧ ವಾಕ್ಯ ಕೊಟ್ಟು ಬಿಡಿ: "____ ದಿನ ____ ಮುಗಿದ ಮೇಲೆ ನಾನು ____ ಇಂದ ಕರೆಗೆ ಕೂರುತ್ತೇನೆ." ಅವರೇ ತುಂಬಲಿ. ಆ ದಿನ ನೆನಪೋಲೆ ಕಳಿಸುವಾಗ ಅವರು ಬರೆದ ವಾಕ್ಯವನ್ನೇ ಕಳಿಸಿ. ಬೇರೆ ಮಾತು ಸೇರಿಸಬೇಡಿ.

ಪಾಯಿಂಟು, ಬ್ಯಾಡ್ಜು, ದಂಡ

ಪ್ರತಿ ಗುಂಪಿನಲ್ಲೂ ಯಾರಾದರೂ ಒಬ್ಬರು ಲೀಡರ್‌ಬೋರ್ಡ್, ಅಂದರೆ ಯಾರು ಮುಂದಿದ್ದಾರೆ ಅಂತ ತೋರಿಸುವ ಪಟ್ಟಿ ಕೇಳುತ್ತಾರೆ. ನಾನು ಇಲ್ಲ ಅನ್ನುತ್ತೇನೆ. ತಪ್ಪಿಸಿದವರಿಗೆ ದಂಡ ಹಾಕೋಣ ಅಂದರೂ ಇಲ್ಲ ಅನ್ನುತ್ತೇನೆ. ದಂಡದ ಬಗ್ಗೆ ಯೂರಿ ಗ್ನೀಜಿ ಮತ್ತು ಆಲ್ಡೊ ರುಸ್ಟಿಕೀನಿ 2000ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳಲ್ಲಿ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಅಪ್ಪ ಅಮ್ಮಂದಿರಿಗೆ ಸಣ್ಣ ದಂಡ ಹಾಕಿದರು. ತಡ ಮಾಡುವವರು ಕಡಿಮೆಯಾಗಲಿಲ್ಲ, ಹೆಚ್ಚಾದರು. ಟೀಚರ್ ಕಾಯುತ್ತಾರಲ್ಲ ಅನ್ನುವ ಸಂಕೋಚ ಇದ್ದ ಕಡೆ ಈಗ ಒಂದು ಬೆಲೆ ಬಂತು. ಬೆಲೆ ಕೊಟ್ಟರೆ ಮುಗಿಯಿತು. ದಂಡ ತೆಗೆದ ಮೇಲೂ ಹಳೆಯ ಸಂಕೋಚ ವಾಪಸ್ ಬರಲಿಲ್ಲ.

ಬಹುಮಾನದ್ದೂ ಹೆಚ್ಚು ಕಡಿಮೆ ಇದೇ ಪಾಡು. ಖುಷಿಗೆ ಒಗಟು ಬಿಡಿಸುತ್ತಿದ್ದ ವಿದ್ಯಾರ್ಥಿಗಳಿಗೆ ಎಡ್ವರ್ಡ್ ಡೆಸಿ ಹಣ ಕೊಟ್ಟು ನೋಡಿದರು. ಹಣ ನಿಲ್ಲಿಸಿದ ಮೇಲೆ ಬಿಡುವಿನ ಹೊತ್ತಿನಲ್ಲಿ ಅವರು ಒಗಟನ್ನು ಮುಟ್ಟುವುದು ಕಡಿಮೆಯಾಯಿತು. ಇದು 1971ರ ಕೆಲಸ. ಸ್ವಯಂಸೇವಕರು ಬರುವುದು ಒಳಗಿನ ಯಾವುದೋ ಕಾರಣಕ್ಕೆ. ಅದರ ಮೇಲೆ ಪಾಯಿಂಟಿನ ಚೀಟಿ ಅಂಟಿಸಲು ಹೋಗಬೇಡಿ.

ಬದಲಿಗೆ ಏನು ಮಾಡಬಹುದು? ಅವರ ಕೆಲಸ ಯಾರಿಗೆ ಮುಟ್ಟಿತು ಅನ್ನುವುದನ್ನು ತೋರಿಸಿ. ವಿಶ್ವವಿದ್ಯಾಲಯಕ್ಕೆ ಫೋನಿನಲ್ಲಿ ದೇಣಿಗೆ ಕೇಳುವವರು, ಆ ಹಣದಿಂದ ಓದುತ್ತಿದ್ದ ವಿದ್ಯಾರ್ಥಿಯೊಬ್ಬರನ್ನು ಕೆಲವೇ ನಿಮಿಷ ಭೇಟಿ ಮಾಡಿದ ಮೇಲೆ ಹೆಚ್ಚು ಹೊತ್ತು ಕರೆ ಮಾಡಿದರು, ಹೆಚ್ಚು ಹಣವನ್ನೂ ತಂದರು ಅಂತ ಆಡಮ್ ಗ್ರಾಂಟ್ ಮತ್ತು ಜೊತೆಗಾರರು 2007ರಲ್ಲಿ ತೋರಿಸಿದ್ದಾರೆ. ಹಿರಿಯರ ಭೇಟಿಯ ಗುಂಪಿನಲ್ಲಿ ಇದು ಸುಲಭ. ಒಪ್ಪಿಗೆ ಪಡೆದು ಅವರ ದನಿಯಲ್ಲೇ ಎರಡು ಮಾತು ರೆಕಾರ್ಡ್ ಮಾಡಿ ಕೇಳಿಸಬಹುದು. ಸಹಾಯವಾಣಿಯಲ್ಲಿ ಇದು ಆಗದ ಮಾತು, ಕರೆ ಮಾಡಿದವರನ್ನು ಹುಡುಕಿಕೊಂಡು ಹೋಗುವ ಹಾಗಿಲ್ಲ. ಅಲ್ಲಿ ಪಾಳಿಯ ಕೊನೆಗೆ ಜೊತೆಗಾರರೊಬ್ಬರ ಹತ್ತಿರ ಹತ್ತು ನಿಮಿಷ ಮಾತಾಡುವ ವ್ಯವಸ್ಥೆಯೇ ಒಳ್ಳೆಯದು.

ಆ ಹತ್ತು ನಿಮಿಷವನ್ನು ಡ್ಯೂಟಿ ಪಟ್ಟಿಯಲ್ಲೇ ಸೇರಿಸಿ. ಹಾಗೆಯೇ ಭಾರವಾದ ಕರೆ ಮುಗಿದ ಮೇಲೆ "ವಿರಾಮ ಬೇಕಾ?" ಅಂತ ಕೇಳಬೇಡಿ. ಬೇಡ ಅನ್ನುತ್ತಾರೆ, ಎಲ್ಲರೂ. ನಮ್ಮಲ್ಲಿ ಕರೆಯನ್ನು "ಭಾರ" ಅಂತ ಗುರುತು ಮಾಡಿದರೆ ಲೈನು ತಾನಾಗಿ ಇಪ್ಪತ್ತು ನಿಮಿಷ ಮುಚ್ಚಿಕೊಳ್ಳುತ್ತದೆ, ಕರೆಗಳು ಪಕ್ಕದವರಿಗೆ ಹೋಗುತ್ತವೆ. ಬೇಕಾದವರು ಬೇಗ ತೆರೆದುಕೊಳ್ಳಬಹುದು. ಬಟನ್ ಒತ್ತುವ ಕಷ್ಟ ವಿರಾಮ ಬೇಡದವರಿಗೆ ಇರಲಿ.

ಪ್ರಶ್ನಾವಳಿ ಹಾಕುವ ಮುಂಚೆ

ಪಿಎಚ್‌ಕ್ಯೂ-9 ಅನ್ನುವ ಖಿನ್ನತೆಯ ಪ್ರಶ್ನಾವಳಿ ಎಲ್ಲ ಕಡೆ ಸಿಗುತ್ತದೆ. ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದ ಬಗ್ಗೆ, ಪ್ರತಿಯೊಂದಕ್ಕೂ 0ಯಿಂದ 3, ಒಟ್ಟು 27. ಕೋಡ್ ಮಾಡುವುದು ಒಂದು ಮಧ್ಯಾಹ್ನದ ಕೆಲಸ, ಅದಕ್ಕೇ ಎಲ್ಲರೂ ಮೊದಲು ಅದನ್ನೇ ಹಾಕುತ್ತಾರೆ. ಅದು ರೋಗ ಇದೆ ಅಂತ ತೀರ್ಮಾನಿಸುವ ಸಾಧನವಲ್ಲ, ಮುಂದೆ ವೈದ್ಯರನ್ನು ನೋಡಬೇಕಾ ಅಂತ ಸೋಸಿ ನೋಡುವುದಕ್ಕೆ. ಹಾಗಾಗಿ "ನಿಮಗೆ ಖಿನ್ನತೆ ಇದೆ" ಅನ್ನುವ ಸಾಲು ಪರದೆಯ ಮೇಲೆ ಎಂದೂ ಬರಕೂಡದು.

ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ, ತನಗೆ ತಾನೇ ನೋವು ಮಾಡಿಕೊಳ್ಳುವ ಬಗ್ಗೆ. ಅದಕ್ಕೆ ಒಬ್ಬರು ನಡುರಾತ್ರಿ ಎರಡು ಗಂಟೆಗೆ 3 ಅಂತ ಒತ್ತಿದರು ಅನ್ನಿ. ಆಗ ಏನಾಗುತ್ತದೆ? ಇದಕ್ಕೆ ಉತ್ತರ ಇಲ್ಲದೆ ಆ ಫಾರಂ ಬಿಡುಗಡೆ ಮಾಡಬೇಡಿ. ನಮ್ಮ ನಿಯಮ ಇಷ್ಟು. ಪಾಳಿಯಲ್ಲಿ ತರಬೇತಿ ಆದವರು ಇದ್ದಾಗ ಮಾತ್ರ ಫಾರಂ ತೆರೆದುಕೊಳ್ಳುತ್ತದೆ. ಒಂಬತ್ತನೆಯದಕ್ಕೆ ಸೊನ್ನೆ ಬಿಟ್ಟು ಬೇರೇನು ಒತ್ತಿದರೂ, ಸಬ್ಮಿಟ್ ವರೆಗೆ ಕಾಯದೆ, ಅವರಿಗೆ ಸೂಚನೆ ಹೋಗುತ್ತದೆ. ಹೀಗೆ ಹೋಗುತ್ತದೆ ಅಂತ ಫಾರಂ ತುಂಬುವವರಿಗೆ ಮೊದಲೇ ಹೇಳಿರುತ್ತೇವೆ. ಯಾರೂ ಇಲ್ಲದ ಹೊತ್ತಿನಲ್ಲಿ ಫಾರಂ ಬದಲು ಹಗಲು ರಾತ್ರಿ ನಡೆಯುವ ಸಹಾಯವಾಣಿಯ ನಂಬರ್, ಅದನ್ನು ಮುಟ್ಟಿದರೆ ನೇರ ಕರೆ. ಬರೀ ಸಮೀಕ್ಷೆಗೆ ಬೇಕು, ಉತ್ತರ ನೋಡಲು ಆ ಹೊತ್ತಿಗೆ ಯಾರೂ ಇರುವುದಿಲ್ಲ ಅನ್ನುವುದಾದರೆ ಒಂಬತ್ತನೆಯದನ್ನು ಬಿಟ್ಟ ಪಿಎಚ್‌ಕ್ಯೂ-8 ಇದೆ.

ಚಾಟ್‌ಬಾಟ್ ಹಾಕಲಾ?

ಯಂತ್ರದ ಮುಂದೆ ಮನಸ್ಸು ಬಿಚ್ಚುವುದು ಹೊಸದೇನಲ್ಲ. 1966ರಲ್ಲೇ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ಎಲೈಜಾ ಅನ್ನುವ ಪ್ರೋಗ್ರಾಂ ಮಾಡಿದ್ದರು. ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುತ್ತಿತ್ತು, ಅಷ್ಟೆ. ಅದು ಹೇಗೆ ನಡೆಯುತ್ತದೆ ಅಂತ ಚೆನ್ನಾಗಿ ಗೊತ್ತಿದ್ದ ಅವರ ಕಾರ್ಯದರ್ಶಿಯೇ ಸ್ವಲ್ಪ ಹೊತ್ತು ಅದರ ಜೊತೆ ಮಾತಾಡಿ, ಕೋಣೆಯಿಂದ ಹೊರಗೆ ಹೋಗಿ ಅಂತ ವೈಜೆನ್‌ಬಾಮ್‌ಗೆ ಹೇಳಿದರಂತೆ. ಜನ ಹೇಳಿಕೊಳ್ಳುತ್ತಾರೆ. ಆ ಭರವಸೆಗೆ ನೀವು ಏನು ಮಾಡುತ್ತೀರಿ ಅನ್ನುವುದೇ ಪ್ರಶ್ನೆ.

2023ರ ಜನವರಿಯಲ್ಲಿ ಮನಸ್ಸಿನ ಸಂಕಟಕ್ಕೆ ಆನ್‌ಲೈನ್‌ನಲ್ಲಿ ನೆರವು ಕೊಡುವ ಕೋಕೋ ಅನ್ನುವ ಸೇವೆಯ ರಾಬ್ ಮಾರಿಸ್, ಸುಮಾರು 4,000 ಜನರಿಗೆ ಹೋದ ಸಾಂತ್ವನದ ಸಂದೇಶ ಬರೆಯಲು ಜಿಪಿಟಿ-3 ಅನ್ನುವ ಎಐ ನೆರವಾಗಿತ್ತು ಅಂತ ಹೇಳಿದರು. ಮನುಷ್ಯರೇ ನೋಡಿ ಕಳಿಸಿದ್ದು. ಜನ ಆ ಸಂದೇಶಗಳಿಗೆ ಒಳ್ಳೆಯ ಅಂಕವನ್ನೇ ಕೊಟ್ಟಿದ್ದರಂತೆ. ಯಂತ್ರದ ಕೈ ಇದೆ ಅಂತ ಗೊತ್ತಾದ ಮೇಲೆ ಅದು ನಡೆಯಲಿಲ್ಲ ಅಂತಲೂ ಅವರೇ ಹೇಳಿದರು. ಒಪ್ಪಿಗೆ ಸರಿಯಾಗಿ ಕೇಳಿದ್ದಿರಾ ಅಂತ ದೊಡ್ಡ ಗಲಾಟೆಯೂ ಆಯಿತು.

ನಾನು ಎಐ ಅನ್ನು ಕರೆ ಮಾಡುವವರ ಮುಂದೆ ಕೂರಿಸುವುದಿಲ್ಲ. ಹಿಂದಿನ ಕೋಣೆಯಲ್ಲಿ ಅದಕ್ಕೆ ಬೇಕಾದಷ್ಟು ಕೆಲಸವಿದೆ. ಹೊಸಬರ ತರಬೇತಿಗೆ ಕಲ್ಪಿತ ಕರೆಗಾರನಾಗಿ ಮಾತಾಡುವುದು, ಡ್ಯೂಟಿ ಪಟ್ಟಿಯಲ್ಲಿ ತೂತು ಎಲ್ಲಿದೆ ಅಂತ ಹುಡುಕುವುದು, ನೆರವಿನ ಸಂಸ್ಥೆಗಳ ಪಟ್ಟಿಯಲ್ಲಿ ಹಳೆಯದಾದ ನಂಬರುಗಳನ್ನು ಎತ್ತಿ ತೋರಿಸುವುದು.

ಪರದೆಯ ಮೇಲೆ ಏನು ಕಾಣುತ್ತದೆ

ಒಂದು ಫೋನು ಮನೆಯಲ್ಲಿ ಮೂರು ಜನರ ಕೈಯಲ್ಲಿ ಓಡಾಡುತ್ತದೆ. ಲಾಕ್ ಆದ ಪರದೆಯ ಮೇಲೆ "ನಾಳೆ 11ಕ್ಕೆ ನಿಮ್ಮ ಕೌನ್ಸೆಲಿಂಗ್ ಇದೆ" ಅಂತ ಮೂಡಿದರೆ ಏನಾಗಬಹುದು ಯೋಚಿಸಿ. ನಮ್ಮ ಸೂಚನೆಯಲ್ಲಿ "ನಾಳೆ 11" ಅಂತಷ್ಟೇ ಇರುತ್ತದೆ. ಆ್ಯಪಿನ ಹೆಸರು, ಚಿತ್ರ ಎರಡೂ ಯಾವುದೇ ಕ್ಯಾಲೆಂಡರ್ ಹಾಗೆ ಸಪ್ಪೆ. ಹೊಡೆತ ಬಡಿತದ ಮನೆಗಳಿಂದ ಕರೆ ಬರುವ ಗುಂಪಿಗೆ ವೆಬ್‌ಸೈಟ್ ಮಾಡುವುದಾದರೆ, ಒಂದೇ ಒತ್ತಿಗೆ ಹವಾಮಾನದ ಪುಟಕ್ಕೆ ಹಾರುವ ಬಟನ್ ಎಲ್ಲ ಪುಟದಲ್ಲೂ ಇರಬೇಕು. ಹಿಂದಕ್ಕೆ ಒತ್ತಿದರೆ ಹಳೆಯ ಪುಟ ಬರಬಾರದು. ಇದನ್ನು ಮಾತ್ರ ನಿಜವಾದ ಅಗ್ಗದ ಫೋನಿನಲ್ಲೇ ಪರೀಕ್ಷಿಸಿ.

ಮಾಹಿತಿ ಕಡಿಮೆ ಇಟ್ಟುಕೊಳ್ಳಿ. ಕ್ರೈಸಿಸ್ ಟೆಕ್ಸ್ಟ್ ಲೈನ್ ಅಮೆರಿಕದ ಹೆಸರಾಂತ ಸಂದೇಶ ಸಹಾಯವಾಣಿ. ಅದು ಹೆಸರು ತೆಗೆದ ಸಂಭಾಷಣೆಗಳನ್ನು ಲೋರಿಸ್ ಅನ್ನುವ ವ್ಯಾಪಾರಿ ಕಂಪನಿಯ ಜೊತೆ ಹಂಚಿಕೊಂಡಿದ್ದು 2022ರಲ್ಲಿ ಸುದ್ದಿಯಾಯಿತು. ಷರತ್ತುಗಳಲ್ಲಿ ಬರೆದಿತ್ತು ಅಂತ ಹೇಳಿದರೂ ಜನ ಒಪ್ಪಲಿಲ್ಲ, ಹಂಚಿಕೆ ನಿಲ್ಲಿಸಬೇಕಾಯಿತು. ಸಾಯುವ ಯೋಚನೆಯಲ್ಲಿ ಸಂದೇಶ ಕಳಿಸುವವರು ಷರತ್ತು ಓದಿ ಒಪ್ಪುತ್ತಾರೆ ಅನ್ನುವುದು ವಕೀಲರ ಕಲ್ಪನೆ. ನಾವೂ ಡ್ಯೂಟಿ ಪಟ್ಟಿಯ ಕೋಡನ್ನು ವ್ಯಾಪಾರಿ ಸಂಸ್ಥೆಗಳಿಗೆ ಮಾರುತ್ತೇವೆ, ಕಂಪನಿ ನಡೆಯುವುದೇ ಅದರಿಂದ. ಆದರೆ ಸೇವಾ ಗುಂಪಿನ ಮಾಹಿತಿ ಅವರದೇ ಖಾತೆಯ ಸರ್ವರಿನಲ್ಲಿ ಇರುತ್ತದೆ, ಅದರ ಕೀಲಿ ನಮ್ಮ ಮಾರಾಟದ ತಂಡದ ಹತ್ತಿರ ಇಲ್ಲ.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಪೂರ್ತಿ ಉಚಿತ ಅನ್ನಬೇಡಿ. ಸಣ್ಣ ವಾರ್ಷಿಕ ಶುಲ್ಕ ಇರಲಿ, ಆಗ ಕೆಟ್ಟಾಗ ಸರಿಮಾಡಿ ಅಂತ ಕೇಳಲು ಅವರಿಗೂ ಸಂಕೋಚ ಆಗುವುದಿಲ್ಲ. ಕಂಪನಿ ಮುಚ್ಚಿದರೆ ಏನು ಅನ್ನುವುದನ್ನು ಒಪ್ಪಂದದಲ್ಲೇ ಬರೆಯಿರಿ. ಎಲ್ಲ ಮಾಹಿತಿಯೂ ಒಂದು ಬಟನ್ ಒತ್ತಿದರೆ ಸ್ಪ್ರೆಡ್‌ಶೀಟ್ ಆಗಿ ಕೈಗೆ ಬರಬೇಕು.

ಅಳತೆ ಮತ್ತು ಹಸ್ತಾಂತರ

ದೇಣಿಗೆ ಕೊಡುವವರು ಸಂಖ್ಯೆ ಕೇಳುತ್ತಾರೆ. ಕರೆಗಳ ಎಣಿಕೆಯನ್ನು ದೊಡ್ಡದಾಗಿ ತೋರಿಸಿದರೆ ಸ್ವಲ್ಪ ದಿನದಲ್ಲೇ ಕರೆಗಳು ಚಿಕ್ಕದಾಗುತ್ತವೆ, ಎಣಿಕೆ ಏರುತ್ತದೆ. ಯಾರೂ ಬೇಕಂತ ಮಾಡುವುದಲ್ಲ. ಅದರ ಬದಲು ಎತ್ತದೆ ಹೋದ ಕರೆಗಳು ಯಾವ ಹೊತ್ತಿನವು, ಆರು ತಿಂಗಳ ಹಿಂದಿನ ಸ್ವಯಂಸೇವಕರಲ್ಲಿ ಎಷ್ಟು ಜನ ಇನ್ನೂ ಬರುತ್ತಿದ್ದಾರೆ, ಕೊನೆಯ ಘಳಿಗೆಯಲ್ಲಿ ಖಾಲಿಯಾದ ಪಾಳಿಗಳು ಎಷ್ಟು, ಈ ಮೂರನ್ನು ತೋರಿಸಿ.

ಬಿಟ್ಟುಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಸಂಯೋಜಕರು ಒಂದು ವಾರ ರಜೆ ಹಾಕಲಿ, ಅವರ ಪುಸ್ತಕವನ್ನೂ ಮನೆಗೆ ಒಯ್ಯಲಿ. ತಂಡದಲ್ಲಿ ಫೋನ್ ಬಳಸಲು ಅತಿ ಹಿಂಜರಿಯುವವರ ಕೈಗೆ ಡ್ಯೂಟಿ ಪಟ್ಟಿ ಕೊಡಿ. ನೀವು ಹೋಗಿ ಪಕ್ಕದಲ್ಲಿ ನಿಲ್ಲಬೇಡಿ. ಅವರಿಂದ ಬರುವ ಪ್ರತಿ ಕರೆಯನ್ನೂ ಎತ್ತಿ, ಏನು ಕೇಳಿದರು ಅನ್ನುವುದನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. ಮುಂದಿನ ತಿಂಗಳು ನೀವು ಮಾಡಬೇಕಾದ ಕೆಲಸದ ಪಟ್ಟಿ ಅದೇ, ಅದಕ್ಕೆ ಹೊಸ ಫೀಚರ್ ಯಾವುದನ್ನೂ ಸೇರಿಸಬೇಡಿ.